ಗುರುತಿನ ಚೀಟಿ

ಮೊದಲನೇ ವರ್ಷದ ಚೀಟಿಯೊಳಗ ಇರಾಕಿ ನಾನಲ್ಲ.
ಟಿಕಾರೆ ರಸ್ತೆಯ ಸ್ಟುಡಿಯೋದಂವ
ಕೇಳದನ ತುಟಿಯ ಸುತ್ತ ಬಣ್ಣ ತುಂಬಿದ್ದ,
ಕಣ್ಣಿನ ಕೆಳಗಿನ ಬಿಳಿ ಒರೆಸಿದ್ದ,
"ಚಂದ ಆತು ನೋಡ್ರಿ ತಂಗಿ" ಅಂದು
ರೊಕ್ಕ ಎಣಿಸಿಕೊಂಡಿದ್ದ.
ಅವ್ವ ಆ ಫೋಟೋ ಹಿಡಕೊಂಡು
ಬಾಳ ಹೊತ್ತು ಸುಮ್ಮನ ಕುಂತಳು,
ಯಾರದೋ ಮಗಳನ್ನ ನೋಡಿದಂಗ.

ಅಣ್ಣಿಗೇರಿಯಾಗ ಎಲ್ಲಾರಿಗೂ ಕಾರಣ ಗೊತ್ತಿತ್ತು.
"ಮೀನು ತಿಂದು ಹಾಲು ಕುಡದಾಳ" ಅಂತಿದ್ರು.
ನಮ್ಮನ್ಯಾಗ ಮೀನು ಬಂದಿದ್ದು
ಅಂಕಲಿಪಿಯೊಳಗ ಮಾತ್ರ,
ಮ ಅಕ್ಷರದ ಕೆಳಗ, ಅರ್ಧಾ ಹರದಿದ್ದು.
ಕಾಕಾನ ಲಗ್ನದಾಗ ಹಿಟ್ಟು ನಾದಾಕ ಕುಂತರ
"ನೀ ಏಳವಾ, ಹುಡುಗೂರನ್ನ ಆಡಿಸು" ಅಂದು
ಪರಾತ ಜಗ್ಗಿಕೊಂಡ್ರು.
ಯಾರೂ ಬೈದಿಲ್ಲ.
ಯಾರೂ ಎಂದೂ ಬೈದಿಲ್ಲ.

ಧಾರವಾಡಕ್ಕ ತುಂಬು ತೋಳು ಹಾಕ್ಕೊಂಡು ಬಂದೆ,
ಕುತ್ತಿಗೆ ಸುತ್ತ ಓಢಣಿ ಎರಡು ಸುತ್ತು.
ಮೂರು ಮಂದಿ ಕೂಡೂ ಬೆಂಚಿಗೆ ನಾನೊಬ್ಬಾಕಿ.
ನೋಡವರನ್ನ ತಡಕೋಬಹುದು.
ನೋಡಬಾರದು ಅಂತ ಶಾಣೇತನದಿಂದ
ಫ್ಯಾನ್ ನೋಡವರನ್ನ ತಡಕೊಳ್ಳೂದು ಕಠಿಣ.

ಸಸ್ಯಶಾಸ್ತ್ರದ ಪ್ರಾಕ್ಟಿಕಲ್ಲಿಗೆ ಅವತ್ತು
ಹಸರು, ಬಿಳಿ ಮಚ್ಚಿ ಮಚ್ಚಿ ಇದ್ದ ಎಲಿ ತಂದಿದ್ರು.
ಸ್ಪಿರಿಟ್ಟಿನ್ಯಾಗ ಕುದಿಸಿ, ಅಯೋಡಿನ್ ಹಾಕಿ
ಎಲ್ಲಿ ನೀಲಿ ಆಕ್ಕೈತಿ ನೋಡೂದು.
ಸರ್ "ಈ ಬಿಳೇ..." ಅಂದವರು
ನನ್ನ ಕಡೆ ನೋಡಿ, ಕೆಮ್ಮಿ,
"ಈ ಇನ್ನೊಂದು ಭಾಗ" ಅಂದ್ರು.
ಇಪ್ಪತ್ತೆಂಟು ಮಂದಿ ಒಮ್ಮೆಲೇ
ತಮ್ಮ ತಮ್ಮ ಜರ್ನಲ್ ತೆಗೆದ್ರು.

ಎಲಿಗೂ ನನಗೂ ಹೋಲಿಕೆ ಕಟ್ಟಬ್ಯಾಡ್ರಿ.
ಅದನ್ನ ನಾ ಎಂಟನೇತ್ತದಾಗ ಕಟ್ಟಿ
ಹರದು ಒಗದೀನಿ.
ಎಲಿಗೆ ಬಸ್ಸಿನ್ಯಾಗ ಸೀಟು ಹಿಡೀಬೇಕಾಗಿಲ್ಲ.

ಕೈ ನಡುಗಿತು. ಬಾಟಲಿ ಉರುಳಿತು.
ಪಾರ್ಟ್ನರ್ ಮೆಹಜಬೀನ್ ನದಾಫಳ
ಹೊಸಾ ಓಢಣಿ ಮ್ಯಾಲೆ ಕಂದು ಹೊಳಿ ಹರೀತು.
"ಏ ದಾನೇಶ್ವರಿ, ಕಣ್ಣೇನು ಕಿಸೇದಾಗ ಇಟಗೊಂಡೀಯೇನ?
ರಂಜಾನಿಗೆ ಅಬ್ಬಾ ಕೊಡಿಸಿದ್ದಿದು!
ನೀನ ತೊಳದು ಕೊಡಬೇಕು!"
ಸರ್ ಹೌಹಾರಿದ್ರು.
ಹಿಂದಿನ ಬೆಂಚು ಉಸಿರು ಹಿಡೀತು.
ನಾ ನಿಂತು ಬೈಸಿಕೊಂಡೆ,
ಹದಿನೆಂಟು ವರ್ಷದಾಗ ಮೊದಲನೇ ಸಲ
ಆಗಿದ್ದಕ್ಕಲ್ಲ,
ಮಾಡಿದ್ದಕ್ಕ.

ಹಾಸ್ಟೆಲಿನ ನಳದ ಕೆಳಗ
ಲಿಂಬಿಹಣ್ಣು ಹಚ್ಚಿ ಮೂರು ಸಲ ತಿಕ್ಕಿದೆ.
ಕಲಿ ಹೋತು,
ಅದರ ಜೋಡಿ ಅಷ್ಟ ಜಾಗದ ಬಣ್ಣಾನೂ.
ಮೆಹಜಬೀನ್ ಅದನ್ನ ತಿರುವಿ ಮುರುವಿ ನೋಡಿ
ಹಂಗ ಹೊತಗೊಂಡು ಹ್ವಾದ್ಲು.
ಮಡಚಿ ಪಿನ್ನು ಚುಚ್ಚಲಿಲ್ಲ.

ಕ್ಯಾಂಟೀನಿನ ಹಿಂದ ಗಿರ್ಮಿಟ್ ಗಾಡಿ.
ಒಂದ ಪೇಪರಿನ್ಯಾಗ ಇಬ್ಬರದೂ ಕೈ.
"ಸೇಂಗಾ ಎಲ್ಲಾ ನೀನ ಆರಿಸ್ತಿ" ಅಂತ ಮತ್ತ ಬೈಗುಳ.
ಸೀನಿಯರ್ ಒಬ್ಬಾಕಿ ಬಂದು ಆಕಿ ಕಿವ್ಯಾಗ
"ಅಂಟತೈತೇನ?" ಅಂದ್ಲು.
ಮೆಲ್ಲಕನ ಅಂದ್ಲು, ನನಗ ಕೇಳಿಸೂವಷ್ಟು ಮೆಲ್ಲಕ.
"ಅಂಟತೈತಿ" ಅಂದ್ಲು ಮೆಹಜಬೀನ್, ಮಿರ್ಚಿ ಕಡಕೋತ,
"ಈಕಿ ಕೈಗೆ ರೊಕ್ಕ ಅಂಟತೈತಿ.
ಇಪ್ಪತ್ತು ರೂಪಾಯಿ ಕೊಟ್ಟು ತಿಂಗಳಾತು,
ಬಿಡಿಸಾಕ ಬರವಲ್ದು."

ಎಲ್ಲಾ ನೆಟ್ಟಗಾತು ಅಂತಲ್ಲ.
ಜುಬಿಲಿ ಸರ್ಕಲ್ಲಿನ್ಯಾಗ ಹತ್ತಿದ ಬಸ್ಸಿನೊಳಗ
ನನ್ನ ಮಗ್ಗಲು ಈಗೂ ಖಾಲಿ ಇರತೈತಿ ಒಮ್ಮೊಮ್ಮೆ.
ಅಲ್ಲಿ ಚೀಲ ಇಡತೀನಿ.
ಕಾಲು ಚಾಚತೀನಿ.

ಪರೀಕ್ಷಾದಾಗ ಮೇಡಂ ಒಬ್ಬರು
ಚೀಟಿ ನೋಡಿ, ಮಾರಿ ನೋಡಿ, ಮತ್ತ ಚೀಟಿ ನೋಡಿ
"ಇದು ನಿಂದೇನವಾ?" ಅಂದ್ರು.
ಖರೇನ ಕೇಳಿದ್ರು.

ಎರಡನೇ ವರ್ಷ ಅದ ಸ್ಟುಡಿಯೋ, ಅದ ಸ್ಟೂಲು.
"ಏನೂ ತಿದ್ದಬ್ಯಾಡ್ರಿ" ಅಂದೆ.
ಅಂವ ಕಂಪ್ಯೂಟರಿನಿಂದ ಕೈ ತೆಗೆದು ನೋಡಿದ,
ಸರಿಯಾಗಿ ನೋಡಿದ,
"ಹಂಗಾದ್ರ ಇಪ್ಪತ್ತು ರೂಪಾಯಿ ಕಡಿಮಿ ಕೊಡ್ರಿ" ಅಂದ.

ಆ ಇಪ್ಪತ್ತು ಕಿಸೇದಾಗ ಐತಿ.
ಹೊರಗ ಆಕಿ ಸ್ಕೂಟಿ ಚಾಲೂ ಇಟಗೊಂಡು
"ಎಷ್ಟೊತ್ತು ನಿಂದು?" ಅಂತ ಹಾರ್ನ್ ಹೊಡ್ಯಾಕತ್ತಾಳ.
ಕೊಡೂದಿಲ್ಲ.
ಸಾಲ ತೀರಿದರ
ಬೈಯಾಕ ಆಕಿಗೆ ಏನು ಉಳಿತೈತಿ?